ನಾಟಕದ ಟಿಕೆಟ್ ಅಗ್ಗ, ಅದಕ್ಕೂ ಮುಂಚಿನ ಊಟ? ಕವಲಂದೆಯಿಂದ ಕಲಾಮಂದಿರದವರೆಗಿನ ಲೆಕ್ಕ

ಕವಲಂದೆ ಸೀಮೆಯಲ್ಲಿ ‘ನಾಟಕಕ್ಕೆ ಮುಂಚೆ ಊಟ ಎಲ್ಲಿ?’ ಅಂತ ಯಾರೂ ಕೇಳಲ್ಲ. ‘ಕುರುಕ್ಷೇತ್ರ’ ಶುರುವಾಗೋದೇ ರಾತ್ರಿ ಒಂಬತ್ತು–ಹತ್ತರ ಮೇಲೆ. ಮನೇಲಿ ಮುದ್ದೆ ಉಂಡು, ಚಾಪೆ, ಕಂಬಳಿ ಹಿಡ್ಕೊಂಡು ಹೋದರೆ ಬೆಳಗಿನ ಜಾವದವರೆಗೂ ಹಾರ್ಮೋನಿಯಂ ನಿಲ್ಲಲ್ಲ.

ಈಗ ಇದೇ ಊರಿನ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಮೈಸೂರಿನ ರಂಗಾಯಣದಲ್ಲಿ ನಾಟಕ ನೋಡಲು ಹೊರಟರು ಅಂದುಕೊಳ್ಳಿ. ದೂರ ಸುಮಾರು 40 ಕಿ.ಮೀ. ನಂಜನಗೂಡಿನ ಮೇಲೆ ಬಸ್ಸಿದೆ, ಚಾಮರಾಜನಗರ–ಮೈಸೂರು ರೈಲೂ ಇದೆ. 2023ರ ಜೂನ್ 11ರಿಂದ ಜಾರಿಯಾದ ‘ಶಕ್ತಿ’ ಯೋಜನೆಯಿಂದಾಗಿ ಹುಡುಗಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಾಟಕ ಸಾಮಾನ್ಯವಾಗಿ ಸಂಜೆ ಆರೂವರೆಗೆ. ಊಟ ಯಾವಾಗ, ಎಲ್ಲಿ, ಎಷ್ಟಕ್ಕೆ? ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ರಂಗಮಂದಿರದ ಕುರ್ಚಿಯಲ್ಲಿ ಯಾರು ಕೂರ್ತಾರೆ ಅನ್ನೋದನ್ನ ಬಹುಮಟ್ಟಿಗೆ ಇದೇ ತೀರ್ಮಾನಿಸುತ್ತೆ.

ಹೋಟೆಲು, ರಂಗಮಂದಿರ: ಸಂವಿಧಾನದ ಒಂದೇ ಸಾಲು

ಸಂವಿಧಾನದ 15(2)ನೇ ವಿಧಿ ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವುಗಳ ಕಾರಣಕ್ಕೆ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಮತ್ತು ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಯಾರನ್ನೂ ಬಿಡದೆ ತಡೆಯುವಂತಿಲ್ಲ. ಊಟದ ಟೇಬಲ್ಲು ಮತ್ತು ನಾಟಕದ ಕುರ್ಚಿ ಎರಡೂ ಒಂದೇ ಉಪವಾಕ್ಯದಲ್ಲಿವೆ.

ಇದು ಆಕಸ್ಮಿಕವಲ್ಲ. ‘ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳ’ ಎಂಬ ಬೋರ್ಡುಗಳನ್ನು ಈ ನಾಡಿನ ಹೋಟೆಲುಗಳೂ ಕಂಡಿವೆ. ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಹಳ್ಳಿ ಹೋಟೆಲುಗಳಲ್ಲಿ ಸಂವಿಧಾನ ಬಂದ ಮೇಲೂ ಉಳಿಯಿತು. ಅದಕ್ಕೇ 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ (ಈಗಿನ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ) ಹೋಟೆಲಿನ ತಟ್ಟೆ, ಲೋಟ ಬಳಸಲು ಬಿಡದಿರುವುದನ್ನೂ ಶಿಕ್ಷಾರ್ಹ ಅಪರಾಧ ಮಾಡಿತು. ನಾವಿವತ್ತು ಯಾರ ಪಕ್ಕ ಬೇಕಾದರೂ ಕೂತು ದೋಸೆ ತಿನ್ನೋದರ ಹಿಂದೆ ಈ ಹೋರಾಟ ಇದೆ.

ಕಾನೂನು ಬಾಗಿಲು ತೆರೆಯಿತು. ಆದರೆ ಗಡಿಯಾರ ಮತ್ತು ಬಿಲ್ಲು ಎರಡೂ ಇನ್ನೂ ಬಾಗಿಲಲ್ಲೇ ನಿಂತಿವೆ.

ಐದು ಗಂಟೆಗೆ ಏನು ಸಿಗುತ್ತೆ?

ಸಂಜೆ ಐದಕ್ಕೆ ಮಧ್ಯಮ ದರ್ಜೆಯ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಹೋಗಿ. ಮಧ್ಯಾಹ್ನದ ಊಟ ಮೂರು, ಮೂರೂವರೆಗೇ ಮುಗಿದಿರುತ್ತೆ. ರೋಟಿ, ಕರಿ ಕೇಳಿದರೆ ಸಾಮಾನ್ಯವಾಗಿ ‘ಏಳು ಗಂಟೆ ಮೇಲೆ ಸಾರ್’ ಅಂತಾರೆ. ಉಳಿದದ್ದು ಟಿಫನ್ನು, ಕಾಫಿ. ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟ ಇದೆ, ನಿಜ. ಆದರೆ ಅಲ್ಲಿ ರಾತ್ರಿ ಊಟ ಬಡಿಸುವ ಹೊತ್ತಿಗೆ ನಾಟಕ ಅರ್ಧ ಮುಗಿದಿರುತ್ತೆ. ನಾಟಕ ಬಿಟ್ಟ ಮೇಲೆ ತಿನ್ನೋಣ ಅಂದರೆ ಮೈಸೂರಿನವರಿಗೆ ಸರಿ. ಕವಲಂದೆಯವರು ಆಗ ಓಡಬೇಕಾದ್ದು ಬಸ್ ಸ್ಟ್ಯಾಂಡಿಗೆ.

ಬಿಲ್ ಓದೋದು ಹೇಗೆ?

ಇಬ್ಬರ ಬಿಲ್ಲು 600 ರೂಪಾಯಿ ಆಯಿತು ಅಂದುಕೊಳ್ಳಿ. ಇಂಥ ರೆಸ್ಟೋರೆಂಟಿಗೆ ಜಿಎಸ್‌ಟಿ 5%, ಎಸಿ ಇರಲಿ, ಇಲ್ಲದಿರಲಿ. ಕೇಂದ್ರಕ್ಕೆ 15, ರಾಜ್ಯಕ್ಕೆ 15. ಒಟ್ಟು 630. ಹೋಟೆಲಿನವರು ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಗ್ರಾಹಕರಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಆ ತೆರಿಗೆ ಅವರ ಜೇಬಿನದು.

ಇದರ ಜೊತೆ 10% ‘ಸರ್ವಿಸ್ ಚಾರ್ಜ್’ ಸೇರಿಸಿ, ಅದರ ಮೇಲೂ ಜಿಎಸ್‌ಟಿ ಹಾಕಿದರೆ ಮೊತ್ತ 693 ಆಗುತ್ತೆ. ಈ ಹೆಚ್ಚುವರಿ 63 ರೂಪಾಯಿ ಕೊಡಲೇಬೇಕು ಅಂತೇನಿಲ್ಲ. ಬಿಲ್ಲಿನಲ್ಲಿ ತಾನಾಗೇ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ‘ಇದನ್ನ ತೆಗೆದು ಬಿಲ್ ಕೊಡಿ’ ಅಂತ ಕೇಳೋದು ನಿಮ್ಮ ಹಕ್ಕು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಬಡಿಸಿದ ಅಣ್ಣನಿಗೆ ಟಿಪ್ಸ್ ಕೊಡಬೇಕು ಅನ್ನಿಸಿದರೆ ಅವರ ಕೈಗೇ ಕೊಡಿ. ಸರ್ವಿಸ್ ಚಾರ್ಜ್ ಸೇರೋದು ಮಾಲೀಕರ ಲೆಕ್ಕಕ್ಕೆ. ಅದು ಅವರ ಕೈ ಸೇರುತ್ತೆ ಅನ್ನೋ ಖಾತ್ರಿ ಇಲ್ಲ.

ಸಬ್ಸಿಡಿ ನಿಲ್ಲೋದೆಲ್ಲಿ?

ನಾಟಕದ ಟಿಕೆಟ್ಟಿಗೆ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಶುರುವಾದ ರಂಗಾಯಣ ನಡೆಯೋದು ನಮ್ಮ ತೆರಿಗೆ ಹಣದಲ್ಲಿ. ಕವಲಂದೆಯವರ ತೆರಿಗೆಯೂ ಅದರಲ್ಲಿದೆ. ಆದರೆ ಸರ್ಕಾರದ ಈ ನೆರವು ಟಿಕೆಟ್ ಕೌಂಟರಿಗೇ ನಿಂತುಬಿಡುತ್ತೆ. ಊಟ, ವಾಪಸ್ ಬಸ್ಸು, ಎರಡೂ ಪ್ರೇಕ್ಷಕರ ತಲೆನೋವು. ಹಾಗಾಗಿ ಆಟೋ ದೂರದಲ್ಲಿ ಮನೆ ಇರೋರಿಗೇ ಅಗ್ಗದ ಟಿಕೆಟ್ಟಿನ ಲಾಭ ಹೆಚ್ಚು ಸಿಗುತ್ತೆ.

ಪರಿಹಾರ ದೊಡ್ಡದೇನಲ್ಲ. ‘ಬಹುರೂಪಿ’ ನಾಟಕೋತ್ಸವದ ದಿನಗಳಲ್ಲಿ ರಂಗಾಯಣದ ಆವರಣದಲ್ಲೇ ಆಹಾರ ಮಳಿಗೆಗಳು ಇರುತ್ತವೆ. ಉತ್ಸವದಲ್ಲಿ ಆಗೋದು ಉಳಿದ ಪ್ರದರ್ಶನಗಳ ದಿನ ಚಿಕ್ಕ ಮಟ್ಟದಲ್ಲಾದರೂ ಯಾಕಾಗಬಾರದು? ಸ್ವಸಹಾಯ ಸಂಘದ ಮಹಿಳೆಯರಿಗೆ ಒಂದು ಮಳಿಗೆ ಕೊಟ್ಟು, ಐದರಿಂದ ಆರೂವರೆವರೆಗೆ ಅನ್ನ, ಸಾರು ಬಡಿಸಲಿ. ನಾಟಕ ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಪೋಸ್ಟರಿನಲ್ಲೇ ಹಾಕಲಿ. ನಂಜನಗೂಡು, ತಿ. ನರಸೀಪುರ ಕಡೆಯ ರಾತ್ರಿ ಬಸ್ಸಿನ ಸಮಯವನ್ನು ಅದಕ್ಕೆ ಹೊಂದಿಸಲಿ.

‘ಹಳ್ಳಿ ಹುಡುಗರು ನಾಟಕಕ್ಕೆ ಬರಲ್ಲ’ ಅಂತ ಗೊಣಗೋದು ಸುಲಭ. ರಾತ್ರಿಯಿಡೀ ಕೂತು ‘ಕುರುಕ್ಷೇತ್ರ’ ನೋಡೋ ಊರಿನವರಿಗೆ ನಾಟಕದ ರುಚಿ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಬೇಕಿರೋದು ಹೊತ್ತಿಗೆ ಸರಿಯಾಗಿ ಒಂದು ಊಟ, ಮನೆ ಸೇರೋಕೆ ಒಂದು ಬಸ್ಸು.