ಡಾಕ್ಟರ ಮುಂದೆ ಬಾಯಿ ಬಿಟ್ಟು ಹೇಳೋಣ



"ಡಾಕ್ಟರು ಬರೀ ಪ್ರಶ್ನೆ ಕೇಳಿದರು ಸಿಸ್ಟರ್, ಒಂದು ಇಂಜೆಕ್ಷನ್ನೂ ಕೊಡಲಿಲ್ಲ." ಸಂಘದ ಸಭೆಗಳಲ್ಲಿ ನಾವು ಆಗಾಗ ಕೇಳುವ ಮಾತಿದು. ಆದರೆ ಪ್ರಶ್ನೆ ಕೇಳುವುದೇ ಪರೀಕ್ಷೆಯ ಮೊದಲನೆಯ ಹಂತ. ಡಾಕ್ಟರು ಕಾಯಿಲೆ ಪತ್ತೆ ಮಾಡುವುದು ಮೂರು ಹಂತಗಳಲ್ಲಿ.

1. ಕೇಳುವುದು: ಏನು ತೊಂದರೆ? ಎಷ್ಟು ದಿನದಿಂದ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ಮುಟ್ಟು ಸರಿಯಾಗಿ ಆಗುತ್ತಿದೆಯೇ? ಉತ್ತರ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ. "ಸ್ವಲ್ಪ ಕೆಮ್ಮು ಅಷ್ಟೇ" ಅಂದರೆ ಬರೀ ಸಿರಪ್ ಸಿಗಬಹುದು. "2 ವಾರದಿಂದ ಕೆಮ್ಮು, ಸಂಜೆ ಜ್ವರ, ತೂಕ ಇಳಿದಿದೆ" ಅಂದರೆ ಕ್ಷಯರೋಗದ ಅನುಮಾನದಿಂದ ಕಫ ಪರೀಕ್ಷೆ ಮಾಡಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ.

2. ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು: ಕೆಳಗಿನ ಕಣ್ಣುರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಬಿಳಿಚಿಕೊಂಡಿದ್ದರೆ ರಕ್ತಹೀನತೆಯ ಸೂಚನೆ. ಕಾಲನ್ನು ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದರೆ ನೀರು ತುಂಬಿದೆ ಎಂದರ್ಥ. ಎದೆ ತಟ್ಟಿದಾಗ ಗಾಳಿ ಇರುವ ಕಡೆ ಖಾಲಿ ಕೊಡದಂಥ ಸದ್ದು, ನೀರು ತುಂಬಿದ ಕಡೆ ಮಂದವಾದ ಸದ್ದು ಬರುತ್ತದೆ.

ಎದೆಬಡಿತ ಕೇಳುವ ಸ್ಟೆತಾಸ್ಕೋಪಿಗೂ ಒಂದು ಕಥೆಯಿದೆ. 1816ರಲ್ಲಿ ಪ್ಯಾರಿಸಿನ ಡಾಕ್ಟರ್ ಲೆನೆಕ್ ಅವರಿಗೆ ಒಬ್ಬ ಯುವತಿಯ ಎದೆಗೆ ಕಿವಿಯಿಟ್ಟು ಕೇಳುವುದು ಸರಿಯಲ್ಲ ಅನ್ನಿಸಿತು. ಕಾಗದವನ್ನು ಕೊಳವೆಯಂತೆ ಸುತ್ತಿ ಅದರ ಮೂಲಕ ಕೇಳಿದರು. ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು! ಹೆಣ್ಣಿನ ಮರ್ಯಾದೆ ಕಾಯಲು ಹೋಗಿ ಹುಟ್ಟಿದ ಉಪಕರಣ ಅದು. ನಾಚಿಕೆ ಪಡುವುದು ತಪ್ಪಲ್ಲ, ಆದರೆ ನಾಚಿಕೆಯಿಂದ ಸುಮ್ಮನಿರುವುದು ಅಪಾಯ. ಪರೀಕ್ಷೆ ಮಾಡುವಾಗ ನರ್ಸ್ ಅಥವಾ ಜೊತೆಗೆ ಬಂದ ಹೆಂಗಸು ಪಕ್ಕದಲ್ಲಿರಲಿ ಎಂದು ನಾವು ಕೇಳಬಹುದು.

3. ರಕ್ತ, ಮೂತ್ರ, ಎಕ್ಸ್‌ರೇ, ಸ್ಕ್ಯಾನಿಂಗ್: ಮೊದಲೆರಡು ಹಂತಗಳಲ್ಲಿ ಬಂದ ಅನುಮಾನ ನಿಜವೋ ಅಲ್ಲವೋ ಎಂದು ಇವು ತೋರಿಸುತ್ತವೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಆದರೆ ಅದು ಯಾಕೆ ಕಡಿಮೆಯಾಯಿತು? ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೇ? ಎಲ್ಲರೂ ಉಂಡ ಮೇಲೆ ಉಳಿದದ್ದನ್ನಷ್ಟೇ ನಾವು ಉಣ್ಣುತ್ತಿದ್ದೇವೆಯೇ? ಇದನ್ನು ಯಾವ ಮೆಷಿನ್ನೂ ಹೇಳುವುದಿಲ್ಲ, ನಾವೇ ಹೇಳಬೇಕು.

ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ವಾಸನೆಯ ಬಿಳಿಸೆರಗು ಇದ್ದರೆ, ಮೊಲೆಯಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ಕರೆ "ನೋವಿಲ್ಲವಲ್ಲ" ಎಂದು ಬಿಡಬೇಡಿ. ಎಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಆಗಿದ್ದರೆ ಬೇಗ ತೋರಿಸಿದವರಿಗೆ ಗುಣವಾಗುವ ಅವಕಾಶ ಹೆಚ್ಚು.

ಆಸ್ಪತ್ರೆಗೆ ಹೋಗುವಾಗ:
* ತೊಂದರೆ ಶುರುವಾದ ದಿನ, ಕೊನೆಯ ಮುಟ್ಟಿನ ದಿನ ಬರೆದುಕೊಳ್ಳಿ.
* ಹಳೆಯ ಚೀಟಿ, ಮಾತ್ರೆಗಳನ್ನು ಒಯ್ಯಿರಿ. ನಾಟಿ ಔಷಧಿ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ.
* ಗಂಡ, ಅತ್ತೆ ಜೊತೆಗೆ ಬರಲಿ, ಆದರೆ ನಿಮ್ಮ ತೊಂದರೆಯನ್ನು ನೀವೇ ಹೇಳಿ.
* "ನನಗೆ ಏನಾಗಿದೆ? ಈ ಪರೀಕ್ಷೆ ಯಾಕೆ? ಮತ್ತೆ ಯಾವಾಗ ಬರಬೇಕು?" ಎಂದು ಕೇಳದೆ ಎದ್ದು ಬರಬೇಡಿ.

ಉಳಿತಾಯ, ಸಾಲದ ಲೆಕ್ಕವನ್ನು ಒಂದು ರೂಪಾಯಿ ತಪ್ಪದಂತೆ ಬರೆಯುವವರು ನಾವು. ದೇವರು ಕೊಟ್ಟ ಈ ದೇಹದ ಲೆಕ್ಕವನ್ನೂ ಹಾಗೆಯೇ ಇಡೋಣ. ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ. ಆಸ್ಪತ್ರೆಗೆ ಹೋಗಲು ಹಿಂಜರಿಯುವ ಸದಸ್ಯೆ ಇದ್ದರೆ ಒಬ್ಬರು ಜೊತೆಗೆ ಹೋಗಿ.