ಲೇಖನವೃತ್ತಿಯ ಮೊದಲ ಮೆಟ್ಟಲು

“ನಮ್ಮ ಹುಡುಗನಿಗೆ ಬರೆಯುವ ಹುಚ್ಚು ಹಿಡಿದಿದೆ, ಇದರಿಂದ ಹೊಟ್ಟೆ ತುಂಬುವುದುಂಟೆ?” ಎಂದು ಬಂಟ್ವಾಳದ ಗೃಹಸ್ಥರೊಬ್ಬರು ಈಚೆಗೆ ನಮ್ಮೊಡನೆ ವಿಚಾರಿಸಿದರು. ಬೆಳ್ತಂಗಡಿಯಲ್ಲಿಯೂ ಮೂಡಬಿದಿರೆಯಲ್ಲಿಯೂ ಈ ಪ್ರಶ್ನೆಯೇ ನಮಗೆ ಎದುರಾಗಿದೆ. ಮಕ್ಕಳ ಅನ್ನದ ಮಾತಾದುದರಿಂದ ಮರೆಮಾಚದೆ ಹೇಳುವೆವು: ಮೊದಮೊದಲು ಲೇಖನದ ಗೌರವಧನದಿಂದ ಸಂಸಾರ ಸಾಗದು. ಆದರೆ ಅದಕ್ಕಾಗಿ ಹುಡುಗನ ಕೈಯಿಂದ ಲೇಖನಿಯನ್ನು ಕಸಿದುಕೊಳ್ಳಬೇಕಾಗಿಯೂ ಇಲ್ಲ.

ಅದೇ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ನೆನೆಯೋಣ. 1900ರಲ್ಲಿ ಮಂಗಳೂರಿನ ‘ಸುವಾಸಿನಿ’ ಪತ್ರಿಕೆ ಅವರ ಕಥೆಗಳನ್ನು ಅಚ್ಚುಹಾಕಿತು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನವು ಅವರಿಗೆ ಅಧ್ಯಕ್ಷಪದವಿಯನ್ನಿತ್ತಿತು. ಆದರೆ ಅವರ ಜೀವನೋಪಾಯ ಉಪಾಧ್ಯಾಯ ವೃತ್ತಿ, ಮುಂದೆ ಶಾಲೆಗಳ ತನಿಖೆಯ ಅಧಿಕಾರ. ಸಂಬಳದ ಕೆಲಸವು ಅವರ ಬರವಣಿಗೆಯನ್ನು ಕುಂದಿಸಲಿಲ್ಲ. ಮಕ್ಕಳ ನಡುವಿನ ಆ ದುಡಿಮೆಯೇ ಮಕ್ಕಳಿಗಾಗಿ ಬರೆಯುವ ಕೈಗೆ ಹದವನ್ನು ಕೊಟ್ಟಿತೆನ್ನಬೇಕು. ಆದುದರಿಂದ ಕೈಯಲ್ಲಿರುವ ಉದ್ಯೋಗವನ್ನು ಬಿಟ್ಟು ಲೇಖಕನಾಗಹೊರಡುವುದು ವಿವೇಕವಲ್ಲ. ಉದ್ಯೋಗವು ಅನ್ನವನ್ನೂ ಕೊಡುವುದು, ಬರೆಯಲು ವಿಷಯವನ್ನೂ ಕೊಡುವುದು.

ನಮ್ಮ ಮೊದಲ ಲೇಖನದ ಗತಿಯನ್ನು ಹೇಳಲು ನಮಗೆ ಸಂಕೋಚವಿಲ್ಲ. ನೇತ್ರಾವತಿಯಲ್ಲಿ 1974ರಲ್ಲಿ ಬಂದ ದೊಡ್ಡ ನೆರೆಯ ಮೇಲೆ ನಾಲ್ಕು ಪುಟ ಬರೆದೆವು. ವಿಶೇಷಣಗಳಿಗೆ ಕೊರತೆಯಿರಲಿಲ್ಲ. ಲೇಖನವು ಮರಳಿ ಬಂದಿತು, ಅಂಚಿನಲ್ಲಿ ಸಂಪಾದಕರ ಒಂದೇ ಸಾಲು: “ಇದರಲ್ಲಿ ನೀವು ಕೇಳಿ ತಿಳಿದುದು ಯಾವುದು?” ಎರಡು ದಿನ ಮುನಿಸಿಕೊಂಡಿದ್ದೆವು. ಮೂರನೆಯ ದಿನ ಪಾಣೆಮಂಗಳೂರಿಗೆ ಹೋಗಿ ವೃದ್ಧೆಯೊಬ್ಬರ ಜಗಲಿಯಲ್ಲಿ ಕುಳಿತೆವು. ನೀರು ಯಾವ ಮೆಟ್ಟಲಿಗೆ ಬಂದಾಗ ಅಕ್ಕಿಮುಡಿಗಳನ್ನು ಅಟ್ಟಕ್ಕೇರಿಸಿದರು, ಯಾವ ಮೆಟ್ಟಲಿಗೆ ಬಂದಾಗ ಹಟ್ಟಿಯ ದನಗಳ ಹಗ್ಗ ಬಿಚ್ಚಿದರು ಎಂಬುದನ್ನು ಆ ತಾಯಿ ಬೆರಳಿಟ್ಟು ತೋರಿಸಿದರು. ಅದನ್ನೇ ಒಂದೂವರೆ ಪುಟದಲ್ಲಿ ಬರೆದೆವು, ಅಚ್ಚಾಯಿತು. ಬಂದ ಹಣ ಬಸ್ಸಿನ ಖರ್ಚಿಗೆ ಸರಿಹೋಯಿತು. ಆದರೆ ಅದರೊಡನೆ “ಮುಂದಿನ ಲೇಖನ ಯಾವಾಗ?” ಎಂಬ ಕಾಗದವೂ ಬಂದಿತು. ನಮಗೆ ದೊರೆತ ಮೊದಲ ಕೆಲಸ ಆ ಕಾಗದವೇ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹೊಸ ಲೇಖಕನಿಗೆ ಸಲ್ಲದು. ಅವನಿಗೆ ಹಿತ್ತಲ ಗಿಡವೇ ಮದ್ದು. ದೂರದ ದೇಶಗಳ ವಿಷಯವನ್ನು ಪುಸ್ತಕ ನೋಡಿ ಬರೆಯುವವರು ಸಾವಿರ ಮಂದಿ. ಮೂಡಬಿದಿರೆಯ 1430ರ ಬಸದಿಯ ಮಾಡು ತುಳುನಾಡಿನ ಮಳೆಯನ್ನು ಹೇಗೆ ತಾಳಿಕೊಂಡಿದೆಯೆಂದು ನಿಂತು ನೋಡಿ ಬರೆಯುವವರು ಎಷ್ಟು ಮಂದಿ? ಕೊಳೆರೋಗಕ್ಕೆ ಮೈಲುತುತ್ತು ಸುಣ್ಣಗಳ ದ್ರಾವಣವನ್ನು ಕಲಸಿ ಸಿಂಪಡಿಸಿದ ಬೆಳ್ತಂಗಡಿಯ ಅಡಕೆ ಬೆಳೆಗಾರನಲ್ಲಿ ಲೇಖನದ ಸರಕು ಇಲ್ಲವೆ? 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯು “ಕೃಷಿಕರ ಕೈಗೆ ಲೇಖನಿ” ಎಂಬುದನ್ನೇ ಧ್ಯೇಯವಾಗಿಸಿಕೊಂಡಿತು. ಮಾಡಿದವನೇ ಬರೆದರೆ ಓದುಗರುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿಯರಿಗೂ ಇದೇ ದಾರಿ.

ಇನ್ನು ಕೆಲಸ ಸಿಕ್ಕುವ ಬಗೆ. ಮೊದಲು ಪತ್ರಿಕೆಯ ಮೂರು ನಾಲ್ಕು ಸಂಚಿಕೆಗಳನ್ನು ಓದಿ, ಅದರಲ್ಲಿ ಎಂಥ ಲೇಖನಕ್ಕೆ ಎಡೆಯಿದೆಯೆಂದು ತಿಳಿಯಬೇಕು. ಬಳಿಕ ಸಂಪಾದಕರಿಗೆ ಹತ್ತು ಸಾಲಿನ ಕಾಗದ ಬರೆಯಬೇಕು: ವಿಷಯವೇನು, ತಾನು ಕಂಡುದೇನು, ಯಾರನ್ನು ವಿಚಾರಿಸಿದೆ. ಕಾಲವನ್ನು ಮುಂದಾಗಿ ಎಣಿಸಬೇಕು. ಮಾಸಪತ್ರಿಕೆಗಳು ತಿಂಗಳುಗಳ ಮೊದಲೇ ಸಿದ್ಧವಾಗುವುದರಿಂದ ಕಂಬಳದ ಲೇಖನವನ್ನು ಕೋಣಗಳು ಗದ್ದೆಗಿಳಿದ ಮೇಲೆ ಕಳುಹಿಸಿದರೆ ಫಲವಿಲ್ಲ. ವೇಣೂರಿನ 1604ರ ಗೊಮ್ಮಟನಿಗೆ ಹನ್ನೆರಡು ವರ್ಷಗಳಿಗೊಮ್ಮೆ ಮಸ್ತಕಾಭಿಷೇಕ, 2024ರದು ಮುಗಿಯಿತು. ಮುಂದಿನದಕ್ಕೆ ಈಗಿನಿಂದಲೇ ಟಿಪ್ಪಣಿ ಕೂಡಿಸುವವನು ಜಾಣ.

ಇ-ಮೇಲಿನಲ್ಲಿ ಕಳುಹಿಸುವಾಗ ಯೂನಿಕೋಡ್ ಅಕ್ಷರವೋ ನುಡಿ ಅಕ್ಷರವೋ ಎಂದು ಕೇಳಿಕೊಳ್ಳಬೇಕು. ಇಲ್ಲವಾದರೆ ಒತ್ತಕ್ಷರಗಳು ಕಲಸುಮೇಲೋಗರವಾಗುವುದುಂಟು. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಕೂಡದು. ಗೌರವಧನವುಂಟೋ ಇಲ್ಲವೋ ಎಂದು ಮೊದಲೇ ವಿಚಾರಿಸುವುದು ಅವಿನಯವಲ್ಲ. ಕಳುಹಿಸಿದ ದಿನ, ಉತ್ತರ ಬಂದ ದಿನ, ಬಂದ ಹಣ, ಆದ ಖರ್ಚು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಪತ್ರಿಕೆಗಳಲ್ಲದೆ ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಸ್ಮರಣಸಂಚಿಕೆ, ಸಹಕಾರಿ ಸಂಘಗಳ ಚರಿತ್ರೆ, ಕರಡು ತಿದ್ದುವುದು, ಭಾಷಾಂತರ ಮುಂತಾದ ಕೆಲಸಗಳೂ ಊರಿನಲ್ಲಿಯೇ ಉಂಟು. ಹೆಸರು ಬಾರದಿದ್ದರೂ ಕೈ ಪಳಗುವುದು.

ಬಂಟ್ವಾಳದ ಆ ಗೃಹಸ್ಥರಿಗೆ ನಾವು ಹೇಳಿದುದಿಷ್ಟೆ: “ಹುಡುಗನಿಗೆ ಎರಡು ವರ್ಷ ಅವಕಾಶ ಕೊಡಿರಿ, ಆದರೆ ಕೆಲಸ ಬಿಡಗೊಡಬೇಡಿರಿ. ಲೆಕ್ಕದ ಪುಸ್ತಕವನ್ನು ವರ್ಷಕ್ಕೊಮ್ಮೆ ತಂದೆ ಮಕ್ಕಳು ಜೊತೆಯಾಗಿ ಕುಳಿತು ನೋಡಿರಿ.” ಅವರು ತುಸು ಹೊತ್ತು ಸುಮ್ಮನಿದ್ದು, “ನಮ್ಮ ತಂದೆಯವರು ನೆರೆಯ ನೀರು ಏರಿದ ಗುರುತನ್ನು ಗೋಡೆಯಲ್ಲಿ ಗೀಚಿಟ್ಟಿದ್ದರು, ಹುಡುಗನಿಗೆ ಅದನ್ನು ಈವರೆಗೆ ತೋರಿಸಿಲ್ಲ” ಎಂದರು. ತೋರಿಸಲಿ. ಹುಡುಗನ ಮೊದಲ ಲೇಖನಕ್ಕೆ ಅದಕ್ಕಿಂತ ಒಳ್ಳೆಯ ವಿಷಯವನ್ನು ನಾವು ಸೂಚಿಸಲಾರೆವು.