ಬಿಸಿಯನ್ನು ಮುಟ್ಟದೆ ಅಳೆಯುವ ಬಗೆ

ನಂದಗುಡಿಯಂತಹ ಊರುಗಳಲ್ಲಿ ಕಮ್ಮಾರನು ಕಾದ ಕಬ್ಬಿಣದ ಬಣ್ಣವನ್ನು ನೋಡಿಯೇ ಅದರ ಬಿಸಿಯನ್ನು ಊಹಿಸುತ್ತಾನೆ. ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಊಹೆ ಸಾಲದು. ಅಲ್ಲಿನ ಇಂಧನ ಯುರೇನಿಯಂ ಡೈಆಕ್ಸೈಡಿನ ಪುಟ್ಟ ಬಿಲ್ಲೆಗಳು. ಈ ವಸ್ತುವಿನಲ್ಲಿ ಶಾಖವು ಬಲು ನಿಧಾನವಾಗಿ ಸಾಗುವುದರಿಂದ, ಬಿಲ್ಲೆಯ ನಡುಭಾಗವು ಹೊರಮೈಗಿಂತ ನೂರಾರು ಡಿಗ್ರಿ ಹೆಚ್ಚು ಕಾದಿರುತ್ತದೆ. ಸುಮಾರು 2,850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗುತ್ತದೆ. ಕರಗಿದರೆ ಹೊರಗವಚಕ್ಕೇ ಅಪಾಯ. ಅಷ್ಟು ಬಿಸಿಯಲ್ಲಿ ಸಾಧಾರಣ ಉಷ್ಣತಾಮಾಪಕವೇ ಉಳಿಯದು!

ಆದುದರಿಂದ ಪ್ರಯೋಗಾಲಯದಲ್ಲಿ ತೆಳುಬಿಲ್ಲೆಯ ಒಂದು ಮುಖಕ್ಕೆ ಕ್ಷಣಮಾತ್ರ ಬೆಳಕನ್ನು ಹಾಯಿಸಿ, ಹಿಂಬದಿಯು ಬಿಸಿಯಾಗಲು ಹಿಡಿಯುವ ಕಾಲವನ್ನು ಅಳೆಯುತ್ತಾರೆ. 1961ರಲ್ಲಿ ಅಮೆರಿಕದ ಪಾರ್ಕರ್ ಮತ್ತು ಸಂಗಡಿಗರು ಮಿಂಚುದೀಪದಿಂದ ಮಾಡಿದ ಈ ಪ್ರಯೋಗಕ್ಕೆ ಈಗ ಲೇಸರ್ ಒದಗಿದೆ. ಹಿಂಬದಿಯ ಬಿಸಿಯನ್ನು ತಿಳಿಸುವುದು ಅದರಿಂದ ಹೊಮ್ಮುವ ಕಿರಣ. ಆದರೆ ಒಂದೇ ಬಿಸಿಯ ಎರಡು ವಸ್ತುಗಳು ಸಮನಾಗಿ ಬೆಳಗುವುದಿಲ್ಲ. ಆದಕಾರಣ ಈ ಇಂಧನವು ಯಾವ ಬಿಸಿಯಲ್ಲಿ ಎಷ್ಟು ಬೆಳಗುತ್ತದೆಂಬುದನ್ನೂ ಮೊದಲೇ ಅಳೆದಿರಬೇಕು.